ನವೆಂಬರ್ ಪಂಡಿತ

ಇಂಗ್ಲೆಂಡಿನಲ್ಲಿ ಅಕ್ಟೋಬರ್ ಮಳೆ ಹಿಡಿದು ಹುಲ್ಲುನೆಲ ಮೆತ್ತಗಾದೊಡನೆ ಒಂದು ಬಗೆಯ ಮನುಷ್ಯನಿಗೆ ಜೀವ ಬರುತ್ತದೆ. ವಯಸ್ಸು ಐವತ್ತೈದರಿಂದ ಎಪ್ಪತ್ತರವರೆಗೆ ಎಷ್ಟಾದರೂ ಇರಬಹುದು. ಕೋಟಿನ ಒಂದು ಜೇಬಿನಲ್ಲಿ ಎಂಟು ಮಡಿಕೆಯಾದ ‘ರೇಸಿಂಗ್ ಪೋಸ್ಟ್’ ಪತ್ರಿಕೆ, ಇನ್ನೊಂದರಲ್ಲಿ ಬೆಟ್ಟಿಂಗ್ ಅಂಗಡಿಯಿಂದ ಹೇಗೋ ಜೊತೆಗೆ ಬಂದುಬಿಟ್ಟ ಗಿಡ್ಡ ಪೆನ್ನು. ಬೇಸಿಗೆಯಿಡೀ ಅವನು ಮಂಕಾಗಿದ್ದ. ಸಮತಟ್ಟು ನೆಲದ ಓಟ ಅವನ ಪಾಲಿಗೆ ಸಿರಿವಂತರ ಮಕ್ಕಳಾಟ. ಎರಡು ವರ್ಷದ ಮರಿಗಳು ಒಂದು ನಿಮಿಷ ಓಡಿ ಮುಗಿಸುವುದನ್ನು ನೋಡಿ ವಿಚಾರ ಮಾಡುವುದಾದರೂ ಏನನ್ನು? ಈಗ ಬರುವುದು ಬೇಲಿ ಹಾರುವ ರೇಸು. ನಾಲ್ಕೂವರೆ ಅಡಿ ಎತ್ತರದ ಬೇಲಿಗಳು, ಮೂರು ಮೈಲಿಯ ಕೆಸರು, ಎಂಟು ಹತ್ತು ವರ್ಷ ವಯಸ್ಸಿನ, ಮೈಮೇಲೆ ಇತಿಹಾಸವಿರುವ ಕುದುರೆಗಳು. ನಿಯಮದ ಪ್ರಕಾರ ಈ ಋತು ಏಪ್ರಿಲ್ ಕೊನೆಗೇ ಶುರುವಾಗಿರುತ್ತದೆ. ಅವನ ಪಂಚಾಂಗ ಬೇರೆ: ಅಕ್ಟೋಬರಿನ ಚೆಪ್‌ಸ್ಟೋ ಪೀಠಿಕೆ, ವೆದರ್ಬಿಯ ಚಾರ್ಲಿ ಹಾಲ್ ಚೇಸ್ ನಾಂದಿ, ಆಮೇಲೆ ಚೆಲ್ಟನ್‌ಹ್ಯಾಮಿನ ನವೆಂಬರ್ ಕೂಟ, ಹೇಡಾಕ್, ನ್ಯೂಬರಿ, ಸ್ಯಾಂಡೌನ್, ಡಿಸೆಂಬರ್ 26ಕ್ಕೆ ಕೆಂಪ್ಟನ್ನಿನ ಕಿಂಗ್ ಜಾರ್ಜ್. ಇವೆಲ್ಲ ಹರಿದು ಸೇರುವ ಸಮುದ್ರ ಮಾರ್ಚ್ ತಿಂಗಳ ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್. ಅದನ್ನು ಯಾರು ಗೆಲ್ಲುತ್ತಾರೆಂದು ಅವನಿಗೆ ನವೆಂಬರಿನಲ್ಲೇ ಗೊತ್ತಿರುತ್ತದೆ.

ಇವನನ್ನು ಜೂಜುಕೋರ ಎಂದು ಕರೆದು ಕೈತೊಳೆದುಕೊಳ್ಳುವುದು ವಾಡಿಕೆ. ಅದು ತಪ್ಪು ಎಂಬುದೇ ನನ್ನ ವಾದ. ಜೂಜುಕೋರನಿಗೆ ಬೇಕಾದದ್ದು ಫಲಿತಾಂಶ, ಅದೂ ಈಗಲೇ. ಒಂದು ರೇಸು ಮುಗಿದರೆ ಮುಂದಿನದರ ಗಂಟೆಗೆ ಅವನ ಕಿವಿ ನಿಮಿರುತ್ತದೆ. ನಮ್ಮ ಪಂಡಿತನಾದರೋ ಹತ್ತು ಪೌಂಡ್ ಕಟ್ಟಿ ನಾಲ್ಕು ತಿಂಗಳು ಕಾಯುತ್ತಾನೆ, ಕಾಯುವುದರಲ್ಲೇ ಅವನ ಸುಖ. ಅವನ ನಿಜವಾದ ಬಂಧು ಕ್ಯಾಸಿನೊದಲ್ಲಿಲ್ಲ, ನಮ್ಮೂರ ಜಗಲಿಯ ಮೇಲಿದ್ದಾನೆ: ಗಂಡಿನ ಜಾತಕ, ಹೆಣ್ಣಿನ ಜಾತಕ ಮುಂದಿಟ್ಟುಕೊಂಡು ಕುಜ ಎಲ್ಲಿದ್ದಾನೆ ಎಂದು ಬೆರಳು ಎಣಿಸುವ ಜೋಯಿಸ. ಇಬ್ಬರಿಗೂ ಪುರಾವೆ ಕಡಿಮೆಯಾದಷ್ಟೂ ಮಾತು ಹೆಚ್ಚು. ಮದುವೆಯಾಗಿ ಹತ್ತು ವರ್ಷವಾದ ಜೋಡಿಯ ಜಾತಕ ನೋಡಲು ಯಾವ ಜೋಯಿಸನಿಗೂ ಉತ್ಸಾಹವಿರುವುದಿಲ್ಲ.

ನವೆಂಬರಿನಲ್ಲಿ ಗೊತ್ತಿರುವುದಾದರೂ ಎಷ್ಟು? ಕುದುರೆ ಬೇಸಿಗೆಯೆಲ್ಲ ಹುಲ್ಲು ಮೇಯ್ದು ಹೊಟ್ಟೆ ಬೆಳೆಸಿಕೊಂಡು ಬಂದಿರುತ್ತದೆ. ಟ್ರೇನರ್ ಅದನ್ನು ಓಡಿಸುವುದು ಗೆಲ್ಲಿಸಲಿಕ್ಕೋ ಮೈ ಇಳಿಸಲಿಕ್ಕೋ ಎಂಬುದು ಅವನಿಗೂ ದೇವರಿಗೂ ಬಿಟ್ಟದ್ದು. ಸೋತರೆ, “ಈ ಓಟ ಅವನಿಗೆ ಬೇಕಿತ್ತು, ಇನ್ನು ಸುಧಾರಿಸುತ್ತಾನೆ” ಎನ್ನುತ್ತಾನೆ. ಗೆದ್ದರೂ ಅದೇ ಮಾತು. ಇಂಥ ಮಂಜಿನಲ್ಲಿ ಪಂಡಿತನಿಗಿರುವ ಗ್ರಂಥ ಒಂದೇ, ಕುದುರೆಯ ಹೆಸರಿನ ಎಡಗಡೆ ಅಚ್ಚಾಗುವ ಫಾರಂ ಸಾಲು. 2/11ಎಫ್-3ಪಿ ಎಂದಿದೆ ಎನ್ನಿ. ಅಂಕಿ ಎಂದರೆ ಎಷ್ಟನೆಯವನಾಗಿ ಬಂದ ಎಂಬುದು. ಎಫ್ ಎಂದರೆ ಬಿದ್ದ. ಪಿ ಎಂದರೆ ದಣಿದನೆಂದು ಜಾಕಿಯೇ ನಡುದಾರಿಯಲ್ಲಿ ನಿಲ್ಲಿಸಿದ. ಅಡ್ಡಗೆರೆ ಋತು ಬದಲಾದ ಗುರುತು, ಓರೆಗೆರೆ ಒಂದು ಇಡೀ ಋತು ಲಾಯದಲ್ಲೇ ಕಳೆದ ಗುರುತು. ನೀವು ನಾನು ಓದಿದರೆ ಕಾಣುವುದು ಕಾಲುನೋವು ಬಂದು, ವಾಸಿಯಾಗಿ, ಎರಡು ಸಲ ಗೆದ್ದು, ಬಿದ್ದು, ಈಗ ಸುಸ್ತಾಗಿರುವ ಒಂದು ಪ್ರಾಣಿ. ಪಂಡಿತನ ಕನ್ನಡಕದಲ್ಲಿ ಬೇರೆಯೇ ಅರ್ಥ. ಬಿದ್ದದ್ದು ದೋಷವಲ್ಲ, ಬೀಳದಿದ್ದರೆ ಗೆಲ್ಲುತ್ತಿದ್ದ. ಮೂರನೆಯವನಾಗಿ ಬಂದದ್ದು ನೆಲ ಗಟ್ಟಿಯಿದ್ದುದರಿಂದ. ನಿಲ್ಲಿಸಿದ್ದು ಜಾಕಿಯ ಜಾಣತನ, ಮುಂದಿನ ರೇಸಿಗೆ ಉಸಿರು ಉಳಿಸಿದ. ಉಸಿರು ಎಂದಾಗ ನೆನಪಾಯಿತು: 2018ರಿಂದ ಬ್ರಿಟನ್ನಿನಲ್ಲಿ ಕುದುರೆಗೆ ಶ್ವಾಸನಾಳದ ಆಪರೇಷನ್ ಆಗಿದ್ದರೆ ಅದನ್ನೂ ರೇಸ್ ಕಾರ್ಡಿನಲ್ಲಿ ಅಚ್ಚು ಹಾಕಬೇಕು. ಪಂಡಿತನಿಗೆ ಒಂಬತ್ತು ಗ್ರಹಗಳ ಜೊತೆ ಹತ್ತನೆಯದೊಂದು ಸಿಕ್ಕಂತಾಯಿತು. ಅಂದಿನಿಂದ ಅವನ ಲೆಕ್ಕದಲ್ಲಿ ಸೋಲು ಎಂಬುದೇ ಇಲ್ಲ. ಆಪರೇಷನ್ನಿಗೆ ಮುಂಚಿನ ಓಟಗಳಿವೆ, ನಂತರದ ಓಟಗಳಿವೆ.

ಹೋಗಲಿ, ಋತುವಿನ ಆರಂಭದಲ್ಲಿ ಕಣ್ಣಿಗೆ ರಾಚುವಂಥ ಪುರಾವೆಯೇ ಸಿಕ್ಕಿತು ಎಂದಿಟ್ಟುಕೊಳ್ಳೋಣ. 2017ರ ನವೆಂಬರಿನಲ್ಲಿ ಹೇಡಾಕ್ ಗದ್ದೆಯಂತಾಗಿತ್ತು. ಅಲ್ಲಿಯ ಬೆಟ್‌ಫೇರ್ ಚೇಸ್‌ನಲ್ಲಿ ಬ್ರಿಸ್ಟಲ್ ಡಿ ಮೈ ಎಂಬ ಬೂದುಬಣ್ಣದ ಕುದುರೆ 57 ಲೆಂಗ್ತ್ ಅಂತರದಿಂದ ಗೆದ್ದಿತು. ಕುದುರೆಯ ಒಂದು ಉದ್ದ ಸುಮಾರು ಎಂಟು ಅಡಿ. ಅಂದರೆ ಎರಡನೆಯದು ಸುಮಾರು 140 ಮೀಟರ್ ಹಿಂದೆ. ಆ ಎರಡನೆಯದೂ ಸಾಮಾನ್ಯದ್ದಲ್ಲ, ಅದೇ ರೇಸನ್ನು ಮೂರು ಸಲ ಗೆದ್ದಿದ್ದ ಕ್ಯೂ ಕಾರ್ಡ್. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೂ ಬೇಕಿಲ್ಲ. ಒಂದೇ ತಿಂಗಳಿಗೆ ಕೆಂಪ್ಟನ್ನಿನಲ್ಲಿ ಅದು ಸದ್ದಿಲ್ಲದೆ ಸೋತಿತು. ಮುಂದೆ ಹೇಡಾಕನ್ನು 2018ರಲ್ಲೂ 2020ರಲ್ಲೂ ಗೆದ್ದಿತು. ಗೋಲ್ಡ್ ಕಪ್‌ನಲ್ಲಿ ಅದರ ಅತಿ ದೊಡ್ಡ ಸಾಧನೆ 2019ರ ಮೂರನೆಯ ಸ್ಥಾನ. ಕುದುರೆ ಸುಳ್ಳು ಹೇಳಲಿಲ್ಲ. ಹೇಡಾಕಿನ ಕೆಸರಿನಲ್ಲಿ, ನವೆಂಬರಿನಲ್ಲಿ, ನನ್ನನ್ನು ಮೀರಿಸುವವರಿಲ್ಲ ಎಂದಷ್ಟೇ ಅದು ಹೇಳಿತ್ತು. ಅದನ್ನು ಚೆಲ್ಟನ್‌ಹ್ಯಾಮಿನ ದಿಬ್ಬಕ್ಕೆ ಅನ್ವಯಿಸಿದ್ದು ಪಂಡಿತನ ಭಾಷ್ಯ.

ಇದಕ್ಕೆ ಎದುರು ಮಾತು ಇದ್ದೇ ಇದೆ. ಕೌಟೋ ಸ್ಟಾರ್ 2006ರಲ್ಲಿ ಹೇಡಾಕ್ ಗೆದ್ದ, ಡಿಸೆಂಬರಿನಲ್ಲಿ ಕಿಂಗ್ ಜಾರ್ಜ್ ಗೆದ್ದ, 2007ರ ಮಾರ್ಚಿನಲ್ಲಿ ಗೋಲ್ಡ್ ಕಪ್ಪನ್ನೂ ಗೆದ್ದ. ನವೆಂಬರ್ ಹೇಳಿದ್ದು ಮಾರ್ಚಿನಲ್ಲಿ ನಿಜವಾಯಿತಲ್ಲ? ಆಯಿತು, ಒಪ್ಪಿದೆ. ಆದರೆ ಅಂಥ ಕುದುರೆಯನ್ನು ಗುರುತಿಸಲು ಪಂಡಿತ ಬೇಕಿಲ್ಲ. ಹಾಲು ಹಾಕುವವನೂ ಗುರುತಿಸುತ್ತಾನೆ, ಬುಕ್ಕಿ ಅವನಿಗಿಂತ ಮೊದಲೇ ಗುರುತಿಸಿ ರೇಟು ಇಳಿಸಿರುತ್ತಾನೆ. 1966ರಲ್ಲಿ ಆರ್ಕಲ್ ಮೂರನೆಯ ಗೋಲ್ಡ್ ಕಪ್ ಗೆದ್ದಾಗ ಹತ್ತು ಪೌಂಡ್ ಕಟ್ಟಿದವನಿಗೆ ಸಿಕ್ಕ ಲಾಭ ಒಂದೇ ಪೌಂಡ್. ಪುರಾವೆ ಗಟ್ಟಿಯಿದ್ದಲ್ಲಿ ರೇಟಿಲ್ಲ, ರೇಟಿದ್ದಲ್ಲಿ ಪುರಾವೆಯಿಲ್ಲ. ಈ ಎರಡರ ನಡುವಣ ಸಂದಿಯಲ್ಲೇ ಪಂಡಿತನ ಬಿಡಾರ.

ಆ ಸಂದಿಗೂ ಬಾಡಿಗೆ ಕೊಡಬೇಕು. ಬುಕ್ಕಿಯ ಹಲಗೆಯ ಮೇಲೆ ಎಂಟು ಕುದುರೆಗಳಿಗೆ 5/2, 3/1, 4/1, 6/1, 8/1, 12/1, 16/1, 33/1 ಎಂದು ಬರೆದಿದೆ ಎನ್ನಿ. 4/1 ಎಂದರೆ ಒಂದಕ್ಕೆ ನಾಲ್ಕು. ಆ ಕುದುರೆ ಐದರಲ್ಲಿ ಒಂದು ಸಲ ಗೆಲ್ಲಬಹುದು, ಅಂದರೆ ನೂರಕ್ಕೆ 20 ಎಂಬುದು ಅದರೊಳಗಿನ ಅರ್ಥ. ಹೀಗೆ ಎಂಟನ್ನೂ ಬಿಡಿಸಿ ಕೂಡಿ ನೋಡಿ: ಮೊತ್ತ 115ರ ಆಚೆ ಹೋಗುತ್ತದೆ. ಲೋಕದಲ್ಲಿ ಆಗಬಹುದಾದದ್ದೆಲ್ಲ ಸೇರಿದರೂ ನೂರೇ. ಮಿಕ್ಕ ಹದಿನೈದು ಬುಕ್ಕಿಯ ಮನೆಯ ಒಲೆಗೆ. ತಿಂಗಳುಗಟ್ಟಲೆ ಮುಂಚೆ ಕಟ್ಟುವ ಬಾಜಿಯಲ್ಲಿ ಹಲಗೆಯ ಮೇಲೆ ಇನ್ನೂ ಹೆಚ್ಚು ಹೆಸರುಗಳು, ಅಷ್ಟೇ ದೊಡ್ಡ ಒಲೆ. ಸಾಲದ್ದಕ್ಕೆ, ಕುದುರೆ ಓಡದೇ ಹೋದರೂ ಕಟ್ಟಿದ ಹಣ ಹೋದಂತೆಯೇ. ಅದು ಕೆಮ್ಮಬಹುದು, ಕಾಲು ಉಳುಕಿಸಿಕೊಳ್ಳಬಹುದು. ಐರ್ಲೆಂಡಿನ ಕಾರ್ಲೋ ಕೌಂಟಿಯಲ್ಲಿ ವಿಲ್ಲಿ ಮಲಿನ್ಸ್ ತಮ್ಮ ಲಾಯದ ಒಂದೇ ಕುದುರೆಯನ್ನು ಎರಡು ಮೂರು ರೇಸುಗಳಿಗೆ ಹೆಸರು ಹಚ್ಚಿ, ಯಾವುದರಲ್ಲಿ ಓಡಿಸುವುದೆಂದು ಕೊನೆಯ ವಾರದವರೆಗೂ ಬಾಯಿ ಬಿಡದೆ ಇರಬಹುದು. ಮಾರ್ಚ್ ಹತ್ತಿರವಾದಂತೆ ಬುಕ್ಕಿಗಳೇ ‘ಓಡದಿದ್ದರೆ ಹಣ ವಾಪಸ್’ ಎಂದು ಬೋರ್ಡು ಹಾಕುತ್ತಾರೆ. ಪಂಡಿತ ಅದುವರೆಗೆ ಯಾಕೆ ಕಾಯುವುದಿಲ್ಲ? ಮಾರ್ಚಿನಲ್ಲಿ ಎಲ್ಲರಿಗೂ ತಿಳಿದಿರುತ್ತದೆ. ಎಲ್ಲರಿಗೂ ತಿಳಿದಿರುವುದನ್ನು ತಿಳಿದುಕೊಂಡು ಏನು ಪ್ರಯೋಜನ?

ಮಹಾಭಾರತದ ನಳನ ಕಥೆಯಲ್ಲಿ ಇವನ ಮೂಲಪುರುಷರಿಬ್ಬರೂ ಒಂದೇ ರಥದಲ್ಲಿ ಕೂತಿದ್ದಾರೆ. ನಳನಿಗೆ ಕುದುರೆಯ ಮರ್ಮ ಗೊತ್ತು, ಎಣಿಕೆಯ ವಿದ್ಯೆ ಗೊತ್ತಿಲ್ಲ. ಪಗಡೆಯಲ್ಲಿ ರಾಜ್ಯ ಕಳೆದುಕೊಂಡು ಸಾರಥಿಯಾಗಿದ್ದಾನೆ. ಅವನ ಒಡೆಯ, ರಾಜ ಋತುಪರ್ಣ, ಓಡುತ್ತಿರುವ ರಥದಿಂದಲೇ ತಾರೆ ಮರವೊಂದರ ಎಲೆ ಎಷ್ಟು, ಕಾಯಿ ಎಷ್ಟು ಎಂದು ಹೇಳಬಲ್ಲ. ಕುದುರೆಯ ಮರ್ಮ ತಿಳಿಯದು. ನಳ ಆ ಮರ ಕಡಿದು ಎಣಿಸಿ ನೋಡಿ, ಲೆಕ್ಕ ಸರಿಯಿದೆಯೆಂದು ಖಾತ್ರಿಯಾದ ಮೇಲೆ ತನ್ನ ವಿದ್ಯೆ ಕೊಟ್ಟು ಅವನ ವಿದ್ಯೆ ಪಡೆದ. ಕಡಿದು ಎಣಿಸಿದ ಎಂಬುದನ್ನು ಗಮನಿಸಬೇಕು. ನವೆಂಬರ್ ಪಂಡಿತ ಎರಡೂ ವಿದ್ಯೆ ತನ್ನಲ್ಲಿದೆ ಎಂದುಕೊಂಡಿದ್ದಾನೆ, ಮರವನ್ನು ಮಾತ್ರ ಒಂದು ಸಲವೂ ಕಡಿದಿಲ್ಲ. ಕಳೆದ ಹತ್ತು ವರ್ಷ ಕಟ್ಟಿದ್ದೆಷ್ಟು, ಬಂದದ್ದೆಷ್ಟು ಎಂಬ ಪುಸ್ತಕ ಅವನ ಬಳಿ ಇರುವುದಿಲ್ಲ. ಬಂದ ಒಂದು ಸಲದ ರೇಟು, ನೆಲದ ಸ್ಥಿತಿ, ಜಾಕಿ ಕೊನೆಯ ಬೇಲಿಯಲ್ಲಿ ಚಾಟಿ ಎತ್ತಿದ ಕೈ ಎಡವೋ ಬಲವೋ, ಎಲ್ಲ ಕಣ್ಣಿಗೆ ಕಟ್ಟಿದಂತೆ ನೆನಪಿರುತ್ತದೆ.

ಇದು ಕೌಶಲದ ಆಟವಲ್ಲವೇ, ಬಲ್ಲವರು ಗೆಲ್ಲುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನಮ್ಮ ಸುಪ್ರೀಂ ಕೋರ್ಟೇ 1996ರಲ್ಲಿ ಮದ್ರಾಸಿನ ರೇಸಿನ ಮೊಕದ್ದಮೆಯಲ್ಲಿ ಕುದುರೆ ರೇಸು ಪ್ರಧಾನವಾಗಿ ಕೌಶಲದ ಆಟ ಎಂದಿದೆ. ಬೆಂಗಳೂರು, ಮೈಸೂರಿನ ಕೋರ್ಸುಗಳಲ್ಲಿ ಓಡುವುದು ಬೇಲಿಯಿಲ್ಲದ ಓಟವೇ ಆದರೂ, ಪುಸ್ತಕ ಹಿಡಿದು ‘ಇವತ್ತು ಇದು ಬಿಟ್ಟರೆ ಬೇರೆ ಇಲ್ಲ ಕಣ್ರೀ’ ಎನ್ನುವ ನಮ್ಮವರೂ ಇದೇ ಕುಲದವರು. ತೀರ್ಪು ಬಂದ ದಿನ ಅವರ ಎದೆ ಎಷ್ಟು ಉಬ್ಬಿರಬೇಡ! ಕೌಶಲ ಇದೆ ಎಂಬುದನ್ನು ನಾನೂ ಅಲ್ಲಗಳೆಯುವುದಿಲ್ಲ. ಆದರೆ ಅದಿರುವವನನ್ನು ಗುರುತಿಸುವುದು ಸುಲಭ: ಅವನು ಮಾತಾಡುವುದಿಲ್ಲ. ಮಾತಾಡಿದರೆ ರೇಟು ಇಳಿಯುತ್ತದೆ. ಸತತವಾಗಿ ಗೆಲ್ಲುವ ಗಿರಾಕಿಯ ಬಾಜಿಗೆ ಬ್ರಿಟನ್ನಿನ ಬುಕ್ಕಿ ಕಂಪನಿಗಳು ಮಿತಿ ಹಾಕುತ್ತವೆ, ಕೆಲವೊಮ್ಮೆ ಖಾತೆಯನ್ನೇ ಮುಚ್ಚುತ್ತವೆ. ನಮ್ಮ ಪಂಡಿತನ ಖಾತೆ ಮೂವತ್ತು ವರ್ಷದಿಂದ ನಿರಾತಂಕವಾಗಿ ನಡೆದಿದೆ. ಹುಟ್ಟುಹಬ್ಬಕ್ಕೆ ಕಂಪನಿಯಿಂದ ಶುಭಾಶಯವೂ ಬರುತ್ತದೆ. ಅವನ ಪಾಂಡಿತ್ಯಕ್ಕೆ ಇದಕ್ಕಿಂತ ಸ್ಪಷ್ಟವಾದ ಸರ್ಟಿಫಿಕೇಟು ಬೇಕೆ?

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ರೇಸಿನಿಂದ ಮನೆ ಮುರಿದವರ ಕಥೆ ಎಲ್ಲ ದೇಶದಲ್ಲೂ ಇರುವಾಗ ಈ ಲಘು ಹಾಸ್ಯ ಸರಿಯೇ? ಸರಿಯಲ್ಲ, ಅವರ ವಿಷಯದಲ್ಲಿ. ಅವರ ಕಾಯಿಲೆಗೆ ನಗು ಮದ್ದಲ್ಲ. ಆದರೆ ಮನೆ ಮುರಿಯುವ ರೋಗದ ಲಕ್ಷಣ ಅವಸರ, ನವೆಂಬರ್ ಪಂಡಿತನ ಲಕ್ಷಣ ವಿಳಂಬ. ಹತ್ತು ಪೌಂಡಿಗೆ ಅವನು ಕೊಳ್ಳುವುದು ಗೆಲುವನ್ನಲ್ಲ, ನಾಲ್ಕು ತಿಂಗಳು ಪಬ್ಬಿನ ಮೂಲೆಯಲ್ಲಿ ಮಾತಾಡುವ ಹಕ್ಕನ್ನು. ವಾರಕ್ಕೆ ಅರವತ್ತು ಪೆನ್ಸ್‌ಗಿಂತ ಕಡಿಮೆ ಬೀಳುತ್ತದೆ. ಜೊತೆಗೆ ಕುಡಿಯುವ ಬಿಯರಿಗೆ ಹೋಲಿಸಿದರೆ ಇದು ಪುಕ್ಕಟೆ.

ಸೋತಾಗಲೂ ಆ ಹಕ್ಕು ಹೋಗುವುದಿಲ್ಲ ಎಂಬುದೇ ಅವನ ಜಾಣ್ಮೆ. 2015ರ ನವೆಂಬರಿನಲ್ಲಿ ಕ್ಯೂ ಕಾರ್ಡ್ ಹೇಡಾಕ್ ಗೆದ್ದ, ಡಿಸೆಂಬರಿನಲ್ಲಿ ಕಿಂಗ್ ಜಾರ್ಜ್ ಗೆದ್ದ. ಗೋಲ್ಡ್ ಕಪ್ಪೂ ಬಂದರೆ ಮಾಲೀಕರ ಪಾಳಯಕ್ಕೆ ಹತ್ತು ಲಕ್ಷ ಪೌಂಡ್ ಬೋನಸ್ ಎಂದು ಘೋಷಣೆಯಾಗಿತ್ತು. 2016ರ ಮಾರ್ಚಿನಲ್ಲಿ, ಇನ್ನು ಮೂರು ಬೇಲಿ ಬಾಕಿ ಇರುವಾಗ, ಮುಂದಿನವರ ಜೊತೆ ಸರಿಸಮನಾಗಿ ಬಂದವನು ಬಿದ್ದುಬಿಟ್ಟ. ಹಣ ಕಟ್ಟಿದ ಸಾಮಾನ್ಯನ ಚೀಟಿ ಹರಿದು ನೆಲದ ಮೇಲೆ ಬಿತ್ತು. ಪಂಡಿತನ ಚೀಟಿ ಪರ್ಸಿನಲ್ಲಿ ಸೇರಿತು. “ಬೀಳದಿದ್ದರೆ ಗೆಲ್ಲುತ್ತಿದ್ದ ಕಣಯ್ಯ” ಎಂಬ ವಾಕ್ಯವನ್ನು ಯಾರೂ ಸುಳ್ಳೆಂದು ಸಾಧಿಸಲಾರರು. ಗೆದ್ದ ಬಾಜಿಯ ಹಣ ಒಂದು ಸಂಜೆಗೆ ಖರ್ಚಾಗುತ್ತದೆ. ಹೀಗೆ ಸೋತ ಬಾಜಿ ಹತ್ತು ವರ್ಷ ಬಡ್ಡಿ ತರುತ್ತದೆ.

ಅವನ ಬಾಯಲ್ಲಿ ಬರದ ವರ್ಷವೊಂದಿದೆ, 1990. ಆ ಗೋಲ್ಡ್ ಕಪ್‌ನಲ್ಲಿ ದೇಶಕ್ಕೆ ದೇಶವೇ ಪ್ರೀತಿಸುತ್ತಿದ್ದ, ಹಿಂದಿನ ವರ್ಷ ಗೆದ್ದಿದ್ದ ಡೆಸರ್ಟ್ ಆರ್ಕಿಡ್ ಫೇವರಿಟ್ ಆಗಿದ್ದ; ಮೂರನೆಯವನಾಗಿ ಬಂದ. ಗೆದ್ದದ್ದು ನಾರ್ಟನ್ಸ್ ಕಾಯಿನ್, ರೇಟು ಒಂದಕ್ಕೆ ನೂರು. ಅದನ್ನು ಸಾಕಿ ತಯಾರು ಮಾಡಿದ್ದ ಸಿರೆಲ್ ಗ್ರಿಫಿತ್ಸ್ ವೇಲ್ಸಿನ ಹೈನುಗಾರ. ಅಂದು ಬೆಳಿಗ್ಗೆ ಹಸುಗಳ ಹಾಲು ಕರೆದು ಮುಗಿಸಿಯೇ ಕುದುರೆಯನ್ನು ಚೆಲ್ಟನ್‌ಹ್ಯಾಮಿಗೆ ಕರೆತಂದಿದ್ದ.