ದ್ವೀಪದ ಖಾತೆ ಯಾರ ಹೆಸರಿಗೆ?

(ಮಂಡ್ಯ ಸೀಮೆಯ ಒಂದು ಹಳ್ಳಿ. ಭಾನುವಾರ ಬೆಳಿಗ್ಗೆ. ಜಗುಲಿಯ ಮೇಲೆ ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರ್ ಶಂಕರಪ್ಪ. ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿರುವ ಮೊಮ್ಮಗಳು ಸುಮಾ ಗ್ಲುಕೋಮೀಟರ್ ಹಿಡಿದು ಕೂತಿದ್ದಾಳೆ. ಅಡುಗೆಮನೆಯಲ್ಲಿ ಅಜ್ಜಿ ಗೌರಮ್ಮ.)

ಸುಮಾ: ಬೆರಳು ಕೊಡಿ ತಾತ. ಹ್ಞಾಂ... 104! ಪರವಾಗಿಲ್ವೇ!

ಶಂಕರಪ್ಪ: ನೋಡಿದ್ಯಾ? ನಿಮ್ಮಜ್ಜಿ ಸುಮ್ಮಸುಮ್ನೆ ನನ್ನ ಮೇಲೆ ಗೂಬೆ ಕೂರಿಸ್ತಾಳೆ. ಅದಿರ್ಲಿ, ಮೊಮ್ಮಗಳು ಏನು ಓದ್ತಾಳೆ ಅಂತ ಊರೋರು ಕೇಳಿದ್ರು. ದ್ವೀಪದ ಮೇಲೆ ಸಂಶೋಧನೆ ಅಂದೆ. ಅಂಡಮಾನೋ ಲಕ್ಷದ್ವೀಪವೋ ಅಂದ್ರು ಕಣವ್ವ.

ಸುಮಾ: ನಿಮ್ಮ ಹೊಟ್ಟೇಲಿರೋ ದ್ವೀಪ ತಾತ! ಜಠರದ ಹಿಂದೆ ಮೇದೋಜೀರಕ ಗ್ರಂಥಿ ಇದೆಯಲ್ಲ, ಪ್ಯಾಂಕ್ರಿಯಾಸು, ಅದರೊಳಗೆ ಸುಮಾರು 10 ಲಕ್ಷ ಕಿರುದ್ವೀಪ ಇವೆ.

ಶಂಕರಪ್ಪ: 10 ಲಕ್ಷ! ಒಟ್ಟು ವಿಸ್ತೀರ್ಣ?

ಸುಮಾ: ಎಲ್ಲಾ ಗುಡ್ಡೆ ಹಾಕಿ ತೂಗಿದ್ರೆ ಒಂದು ಗ್ರಾಂ ಆಸುಪಾಸು.

ಶಂಕರಪ್ಪ: ಥೂ, ತುಂಡು ಜಮೀನು. ಖಾತೆ ಯಾರ ಹೆಸರಲ್ಲಿದೆ?

ಸುಮಾ: ಲ್ಯಾಂಗರ್‌ಹಾನ್ಸ್ ಹೆಸರಲ್ಲಿ. 1869ರಲ್ಲಿ ಬರ್ಲಿನ್‌ನಲ್ಲಿ, 21 ವರ್ಷದ ಹುಡುಗ, ತನ್ನ ಥೀಸಿಸ್‌ನಲ್ಲಿ ಮೊದಲು ಬರೆದ. ಇಲ್ಲೊಂದು ಗುಂಪು, ಅಲ್ಲೊಂದು ಗುಂಪು ಬೇರೆ ಥರದ ಜೀವಕೋಶ ಕಾಣ್ತವೆ, ಏನು ಮಾಡ್ತವೋ ನಂಗೆ ತಿಳಿಯದು ಅಂತ.

ಶಂಕರಪ್ಪ: ತಿಳಿಯದು ಅಂತ ಬರೆದ್ರೂ ಡಿಗ್ರಿ ಕೊಟ್ರಾ? ಮತ್ತೆ ನಿಂಗೇನವ್ವ ತೊಂದರೆ? ಐದು ವರ್ಷ ಆಯ್ತು!

ಸುಮಾ: (ಮಾತು ಮರೆಸುತ್ತ) ಆಮೇಲೆ 1893ರಲ್ಲಿ ಲಾಗೆಸ್ ಅನ್ನೋ ಫ್ರೆಂಚ್ ವಿಜ್ಞಾನಿ ಆ ದ್ವೀಪಗಳಿಗೆ ಇವನ ಹೆಸರಿಟ್ಟ. ಅಷ್ಟೊತ್ತಿಗೆ ಇವನು ತೀರಿಕೊಂಡು ಐದು ವರ್ಷ ಆಗಿತ್ತು.

ಶಂಕರಪ್ಪ: ಸತ್ತ ಮೇಲೆ ಖಾತೆ! ಹಾಗಾದ್ರೆ ಫ್ರಾನ್ಸ್‌ನಲ್ಲೂ ನಮ್ಮೋರೇ ಇದ್ದಾರೆ ಬಿಡು.

ಗೌರಮ್ಮ: (ಹೊರಗೆ ಬಂದು) ಅಲ್ಲ ಕಣೆ, ಇಡೀ ದಿನ ಆ ಲ್ಯಾಬಲ್ಲಿ ಏನು ಮಾಡ್ತೀಯ?

ಸುಮಾ: ಇಲಿಯ ಮೇದೋಜೀರಕಕ್ಕೆ ಕಾಲಜಿನೇಸ್ ಅನ್ನೋ ಕಿಣ್ವ ತುಂಬಿ, 37 ಡಿಗ್ರಿ ಬಿಸಿನೀರಲ್ಲಿ ಇಡ್ತೀವಿ ಅಜ್ಜಿ. ಸುತ್ತಲಿನದೆಲ್ಲ ಬಿಟ್ಟುಕೊಂಡು ದ್ವೀಪ ಮಾತ್ರ ಉಳೀಬೇಕು. ಒಂದೆರಡು ನಿಮಿಷ ಹೆಚ್ಚಾಯ್ತೋ, ದ್ವೀಪಾನೂ ಕರಗಿ ಗಂಜಿ. ಕಮ್ಮಿ ಆಯ್ತೋ, ಗಂಟು ಗಂಟು.

ಗೌರಮ್ಮ: ಮುದ್ದೆ ತೊಳಸೋಕೆ ಬರದೋಳಿಗೆ ಎಂಥಾ ಕೆಲಸ ಕೊಟ್ಟವ್ರೆ!

ಸುಮಾ: ಆಮೇಲೆ ಮೈಕ್ರೋಸ್ಕೋಪ್ ಕೆಳಗಿಟ್ಟು, ಪಿಪೆಟ್‌ನಲ್ಲಿ ಒಂದೊಂದೇ ಹೀರಿ ಆರಿಸ್ತೀನಿ. ಗಸಗಸೆಗಿಂತ ಚಿಕ್ಕವು. ಇನ್ನೂರು ಆರಿಸೋ ಹೊತ್ತಿಗೆ ಕತ್ತು ಹಿಡ್ಕೊಂಡಿರುತ್ತೆ.

ಗೌರಮ್ಮ: ಒಂದು ಸೇರು ಅಕ್ಕಿ ಆರಿಸು ಅಂದ್ರೆ ಕಣ್ಣುನೋವು ಅಂತಿದ್ದೆ! ಇದಕ್ಕೆ ದುಡ್ಡು ಬೇರೆ ಕೊಡ್ತಾರಾ?

ಸುಮಾ: ತಿಂಗಳಿಗೆ 42,000 ಫೆಲೋಶಿಪ್ಪು. ಬಂದಾಗ ಮೂರು ತಿಂಗಳದ್ದು ಒಟ್ಟಿಗೆ ಬರುತ್ತೆ.

ಶಂಕರಪ್ಪ: ಆರಿಸಿಟ್ಟು?

ಸುಮಾ: ರಾತ್ರಿಯೆಲ್ಲ ಸುಧಾರಿಸ್ಕೊಳ್ಳಲಿ ಅಂತ ಬಿಟ್ಟು, ಮಾರನೇ ದಿನ ಗ್ಲೂಕೋಸ್ ನೀರು ಕೊಡ್ತೀವಿ. ಗ್ಲೂಕೋಸು ದ್ವೀಪದಲ್ಲಿರೋ ಬೀಟಾ ಕೋಶದೊಳಗೆ ಹೋಗಿ ಉರಿಯುತ್ತೆ. ಆಗ ಪೊಟ್ಯಾಸಿಯಂ ಬಾಗಿಲು ಮುಚ್ಚುತ್ತೆ. ಅದು ಮುಚ್ಚಿದ್ರೆ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತೆ. ಕ್ಯಾಲ್ಸಿಯಂ ಒಳಗೆ ಬಂತು ಅಂದ್ರೆ ಇನ್ಸುಲಿನ್ ಹೊರಗೆ.

ಶಂಕರಪ್ಪ: ನಾಲ್ಕು ಟೇಬಲ್ ದಾಟಿ ಫೈಲು ಹೊರಗೆ ಬಂತು ಅನ್ನು. ಎಷ್ಟು ತಿಂಗಳಾಗುತ್ತೆ?

ಸುಮಾ: ತಿಂಗಳಾ? ಕೆಲವೇ ನಿಮಿಷ!

ಶಂಕರಪ್ಪ: ಯಾರಿಗೂ ಏನೂ ಕೊಡದೆ?

ಸುಮಾ: ಸಕ್ಕರೆ ಕೊಟ್ಟಿರ್ತೀವಲ್ಲ.

ಶಂಕರಪ್ಪ: ಹಾಗೆ ಹೇಳು! ಸ್ವೀಟ್ ಬಾಕ್ಸ್ ಹೋಗಿದೆ.

ಸುಮಾ: ನಿಮ್ಮದು ಟೈಪ್ 2 ತಾತ. ಮೈ ಇನ್ಸುಲಿನ್ ಮಾತು ಸರಿಯಾಗಿ ಕೇಳಲ್ಲ. ಅದಕ್ಕೇ ಬೀಟಾ ಕೋಶಗಳು ವರ್ಷಗಟ್ಟಲೆ ಡಬಲ್ ಡ್ಯೂಟಿ ಮಾಡಿ, ಕೊನೆಗೆ ಸುಸ್ತಾಗಿ ಕೈಚೆಲ್ಲುತ್ತವೆ. ಅಂಥದ್ರಲ್ಲಿ ನೀವು ದಿನಾ ಸ್ವೀಟ್ ಬಾಕ್ಸ್ ಕಳಿಸಿದ್ರೆ...

ಶಂಕರಪ್ಪ: ಸಕ್ಕರೆ ಮುಟ್ಟಿ ಆರು ವರ್ಷ ಆಯ್ತು. ಬೇಕಾದ್ರೆ ಆಣೆ ಮಾಡ್ತೀನಿ.

ಗೌರಮ್ಮ: ಸಕ್ಕರೆ ಯಾರು ಕೇಳಿದ್ರು? ಆಲೆಮನೆಯಿಂದ ಬಂದ ಅಚ್ಚುಬೆಲ್ಲ ಡಬ್ಬದ ತುಂಬ ಇತ್ತು, ಈಗ ತಳ ಕಾಣ್ತಾ ಐತೆ. ಕೇಳಿದ್ರೆ ಇಲಿ ತಿಂತು ಅಂತಾರೆ.

ಶಂಕರಪ್ಪ: ಇವಳ ಲ್ಯಾಬಿಂದ ತಪ್ಪಿಸ್ಕೊಂಡು ಬಂದಿರಬೇಕು ಕಣೆ. ಅದೂ ಅಲ್ದೆ, ಬೆಲ್ಲ ಹೇಗೆ ಸಕ್ಕರೆ ಆಗುತ್ತೆ?

ಸುಮಾ: ಎರಡೂ ಅದೇ ಕಬ್ಬು, ಹೆಚ್ಚಿನ ಪಾಲು ಅದೇ ಸುಕ್ರೋಸು. ಬೀಟಾ ಕೋಶಕ್ಕೆ ಬಣ್ಣ ಕಾಣಲ್ಲ ತಾತ.

ಶಂಕರಪ್ಪ: ಮತ್ತೆ 104 ಹೇಗೆ ಬಂತು?

ಸುಮಾ: ನಾನು ಬರ್ತೀನಿ ಅಂತ ಗೊತ್ತಾಗಿ ನಿನ್ನೆ ರಾತ್ರಿ ಊಟಾನೇ ಬಿಟ್ರಂತೆ. ಹೀಗೆ ಮಾಡ್ತೀರಿ ಅಂತಲೇ ಹೋದ ವಾರ ಇನ್ನೊಂದು ಟೆಸ್ಟ್ ಮಾಡಿಸಿದ್ದು, ಎಚ್‌ಬಿಎಒನ್‌ಸಿ. ಕೆಂಪು ರಕ್ತಕಣದ ಆಯಸ್ಸು ಸುಮಾರು ನಾಲ್ಕು ತಿಂಗಳು. ಅದರ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ ನೋಡಿದ್ರೆ ಎರಡು ಮೂರು ತಿಂಗಳ ಸರಾಸರಿ ಸಿಗುತ್ತೆ. 6.5 ಆದ್ರೇನೇ ಸಕ್ಕರೆ ಕಾಯಿಲೆ ಲೆಕ್ಕ. ನಿಮ್ಮದು 9.1.

ಶಂಕರಪ್ಪ: (ಟವೆಲಿನಿಂದ ಮುಖ ಒರೆಸಿಕೊಂಡು) ಅಂದ್ರೆ... ಆಡಿಟ್ ಹಿಂದಿನ ದಿನ ರಿಜಿಸ್ಟರ್ ತಿದ್ದಿದ್ರೆ ನಡೆಯಲ್ಲ?

ಸುಮಾ: ನಡೆಯಲ್ಲ.

ಶಂಕರಪ್ಪ: ಒಪ್ಪಿಕೊಂಡೆ ಕಣವ್ವ. ಬೆಲ್ಲ ಇವತ್ತಿಗೆ ಬಂದ್. ಈಗ ನಿನ್ನ ರಿಜಿಸ್ಟರ್ ತೆಗಿ. ಥೀಸಿಸ್ ಎಲ್ಲಿಗೆ ಬಂತು?

ಸುಮಾ: ನಿನ್ನೆ ರಾತ್ರಿ ಕೂತು ನಾಲ್ಕು ಪುಟ ಬರೆದೆ ತಾತ!

ಶಂಕರಪ್ಪ: ನಿನ್ನೇದು ಬೇಡ. ಮೂರು ತಿಂಗಳ ಸರಾಸರಿ ಹೇಳು.

(ಸುಮಾ ಗ್ಲುಕೋಮೀಟರ್ ಒರೆಸತೊಡಗುತ್ತಾಳೆ.)

ಗೌರಮ್ಮ: ತಾರೆ ಆ ಮೊಬೈಲು. ಇವರ ಬೆಲ್ಲದ ಡಬ್ಬಾನೂ ಇದೂ ಒಂದೇ ಬೀರುವಿಗೆ. ಬೀಗದ ಕೈ ನನ್ನ ಸೊಂಟದಲ್ಲಿ.

(ಒಳಗೆ ಹೋಗುತ್ತಾಳೆ.)

ಶಂಕರಪ್ಪ: (ಮೆಲ್ಲಗೆ) ನಾನು ಯಾರಿಗೂ ಹೇಳಲ್ಲ. ನಿಜವಾಗ್ಲೂ ಎಷ್ಟು?

ಸುಮಾ: ದಿನಕ್ಕೆ ಎರಡು ಸಾಲು ತಾತ.