ಹೆಬ್ಬೆಟ್ಟು ಒತ್ತಿದವರಿಗೂ ಒಂದು ಪುಟ ಕಳಿಸಿ

ಬಯೋಎಥಿಕ್ಸ್ ವಿದ್ವತ್ ಪತ್ರಿಕೆಗಳ ಸಂಪಾದಕರಿಗೆ,

ನಾನು ಡಾಕ್ಟರಲ್ಲ, ಪ್ರೊಫೆಸರೂ ಅಲ್ಲ. ಮನುಷ್ಯರ ಮೇಲೆ ನಡೆಯುವ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯೊಂದರ ಹೊರಗಿನ ಸದಸ್ಯೆ. ವೈದ್ಯರು, ವಕೀಲರ ಜೊತೆ ಜನಸಾಮಾನ್ಯರ ಕಡೆಯವರು ಒಬ್ಬರಾದರೂ ಇರಬೇಕೆಂಬ ನಿಯಮವಿದೆಯಲ್ಲ, ಆ ಕುರ್ಚಿ ನನ್ನದು. ಅಲ್ಲಿ ನನ್ನ ಪಾಲಿಗೆ ಬರುವ ಮುಖ್ಯ ಕೆಲಸ ಕನ್ನಡದ ಒಪ್ಪಿಗೆ ಪತ್ರ ಓದುವುದು.

ಆ ಒಂದು ಪತ್ರಕ್ಕಾಗಿ ನಾವು ಎಷ್ಟು ಹೊತ್ತು ಕೂರುತ್ತೇವೆಂದು ನಿಮಗೆ ತಿಳಿದಿರಲಿ. 5 ಎಂ.ಎಲ್. ರಕ್ತ ಎಂದು ಬರೆದಿದ್ದರೆ ‘ಒಂದು ಟೀ ಚಮಚದಷ್ಟು’ ಎಂದು ತಿದ್ದಿಸುತ್ತೇವೆ. ಅಂದಿನ ಕೂಲಿ ತಪ್ಪಿದರೆ ಕೊಡುವವರು ಯಾರು, ಬಸ್ ಚಾರ್ಜ್ ಎಷ್ಟು, ರಾತ್ರಿ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ಕೇಳುತ್ತೇವೆ. ಯಾವಾಗ ಬೇಕಾದರೂ ಹೊರಬರಬಹುದು, ಬಂದರೆ ಚಿಕಿತ್ಸೆಗೇನೂ ತೊಂದರೆಯಾಗದು ಎಂಬ ಸಾಲು ದಪ್ಪ ಅಕ್ಷರದಲ್ಲಿದೆಯೇ ಎಂದು ನೋಡುತ್ತೇವೆ. ಓದು ಬಾರದವರಿಗೆ, ಸಂಶೋಧಕರ ಕಡೆಯವರಲ್ಲದ ಸಾಕ್ಷಿಯೊಬ್ಬರ ಮುಂದೆ ಇಡೀ ಪತ್ರವನ್ನು ಓದಿ ಹೇಳಬೇಕು. ಆಮೇಲೆ ಎಡಗೈ ಹೆಬ್ಬೆಟ್ಟು, ಅದರ ಪಕ್ಕ ಸಾಕ್ಷಿಯ ಸಹಿ. ಒಂದು ಪ್ರತಿ ಅವರ ಕೈಗೆ.

ಇಷ್ಟೆಲ್ಲ ಆಗಿ, ಎರಡು ಮೂರು ವರ್ಷಕ್ಕೆ ನಿಮ್ಮ ಪತ್ರಿಕೆಯಲ್ಲಿ ಲೇಖನ ಬರುತ್ತದೆ. ಇಂಗ್ಲಿಷಿನಲ್ಲಿ. ಹೆಬ್ಬೆಟ್ಟು ಒತ್ತಿದ ಹೆಂಗಸು ಅಲ್ಲಿ ‘ಪಿ7’ ಆಗಿರುತ್ತಾಳೆ. ಹೆಸರು ಮರೆಮಾಚಿದ್ದು ಸರಿಯೇ. ಐಸಿಯು ಬಿಲ್ಲು ಕಟ್ಟಲು ಹೊಲ ಅಡವಿಟ್ಟದ್ದನ್ನೋ, ಬಾಡಿಗೆ ತಾಯ್ತನಕ್ಕೆ ಒಪ್ಪಿದ್ದನ್ನೋ ಅವಳು ಹೇಳಿಕೊಂಡ ಮಾತು ಉದ್ಧರಣ ಚಿಹ್ನೆಯೊಳಗೆ ಇಂಗ್ಲಿಷಾಗಿ ಕೂತಿರುತ್ತದೆ. ತಾನು ಹೇಳಿದ್ದರಿಂದ ಏನು ತೀರ್ಮಾನಕ್ಕೆ ಬಂದರು ಎಂಬುದು ಮಾತ್ರ ಅವಳಿಗೆ ತಿಳಿಯುವುದಿಲ್ಲ. ಅವಳ ಒಪ್ಪಿಗೆ ಪಡೆಯುವಾಗ ಕನ್ನಡ ಬೇಕೇ ಬೇಕಿತ್ತು. ಫಲಿತಾಂಶ ಹೇಳುವಾಗ ಯಾಕೆ ಬೇಡವಾಯಿತು?

ಲೇಖನ ಸಲ್ಲಿಸುವಾಗ ಲೇಖಕರಿಗೆ ನೀವು ಹತ್ತಾರು ಪ್ರಶ್ನೆ ಕೇಳುತ್ತೀರಿ: ಎಥಿಕ್ಸ್ ಕಮಿಟಿಯ ಅನುಮತಿ ಸಂಖ್ಯೆ ಏನು, ಹಣ ಎಲ್ಲಿಂದ ಬಂತು, ಹಿತಾಸಕ್ತಿಯ ಸಂಘರ್ಷ ಉಂಟೇ. ಇನ್ನೊಂದನ್ನು ಸೇರಿಸಿ: ಈ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಫಲಿತಾಂಶವನ್ನು ಅವರ ಭಾಷೆಯಲ್ಲಿ ತಿಳಿಸಿದ್ದೀರಾ? ತಿಳಿಸಿದ್ದರೆ ಆ ಪುಟವನ್ನು ಲಗತ್ತಿಸಿ.

ಇದು ಬರೀ ಸೌಜನ್ಯದ ಮಾತೆಂದು ತಳ್ಳಿಹಾಕಬೇಡಿ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ ನಡೆದದ್ದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 1932ರಿಂದ 40 ವರ್ಷ ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಇಲಾಖೆ ಸುಮಾರು 600 ಕಪ್ಪು ಗಂಡಸರನ್ನು ಗಮನಿಸುತ್ತ ಕೂತಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ಇತ್ತು. ‘ನಿಮ್ಮ ರಕ್ತ ಕೆಟ್ಟಿದೆ, ಚಿಕಿತ್ಸೆ ಕೊಡುತ್ತೇವೆ’ ಎಂದು ಅವರನ್ನು ನಂಬಿಸಿತ್ತು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಇದನ್ನು ಗುಟ್ಟಾಗಿ ಮಾಡಿದರೆಂದೇ ಬಹಳ ಜನ ತಿಳಿದಿದ್ದಾರೆ. ಗುಟ್ಟೆಲ್ಲಿಂದ ಬಂತು? 1936ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಅದರ ವರದಿಗಳು ಬರುತ್ತಿದ್ದವು. 1964ರ ಲೇಖನದ ಶೀರ್ಷಿಕೆಯಲ್ಲೇ ‘ಚಿಕಿತ್ಸೆ ನೀಡದ ಸಿಫಿಲಿಸ್’ ಎಂದಿತ್ತು, ಇದು ಮೂವತ್ತನೇ ವರ್ಷದ ವೀಕ್ಷಣೆ ಎಂದೂ ಇತ್ತು. ಸಂಪಾದಕರು ಓದಿದರು, ಅಚ್ಚು ಮಾಡಿದರು. 1965ರಲ್ಲಿ ಅರ್ವಿನ್ ಶಾಟ್ಸ್ ಎಂಬ ಯುವ ವೈದ್ಯರು ಅದನ್ನು ಓದಿ ದಿಗಿಲುಗೊಂಡು ಲೇಖಕರಿಗೆ ಮೂರು ವಾಕ್ಯದ ಪತ್ರ ಬರೆದರು. ಉತ್ತರ ಬರಲಿಲ್ಲ. ಕೊನೆಗೆ 1972ರಲ್ಲಿ ಸುದ್ದಿ ದಿನಪತ್ರಿಕೆಗಳಿಗೆ ಬಂದಾಗಲೇ ಅದು ನಿಂತದ್ದು.

ಆ ಶೀರ್ಷಿಕೆಯೊಂದನ್ನು ಯಾರಾದರೂ ಆ ಗಂಡಸರಿಗೆ ಓದಿ ಹೇಳಿದ್ದರೆ? ಚಿಕಿತ್ಸೆ ಸಿಗುತ್ತಿದೆ ಎಂದು ನಂಬಿದವನಿಗೆ ಆ ಒಂದು ಸಾಲೇ ಸಾಕಿತ್ತು. ನೀತಿಯ ಕಾವಲಿಗೆಂದು ನಾವು ಕಮಿಟಿ, ನಿಯಮಾವಳಿ, ತರಬೇತಿ ಎಲ್ಲ ಕಟ್ಟಿದ್ದೇವೆ. ಯಾರ ಮೈಮೇಲೆ ಅಧ್ಯಯನ ನಡೆಯಿತೋ ಅವರ ಕೈಗೆ ಬರೆದದ್ದು ತಲುಪಿಸುವುದಕ್ಕಿಂತ ಗಟ್ಟಿಯಾದ ಕಾವಲು ನನಗಂತೂ ಕಾಣದು. ತಾನು ಬರೆಯುತ್ತಿರುವುದನ್ನು ಪಿ7 ಓದುತ್ತಾಳೆಂದು ಗೊತ್ತಿದ್ದರೆ ಲೇಖಕನ ಕೈ ಬೇರೆ ಥರ ಓಡುತ್ತದೆ.

ನಾನು ಹೊಸದೇನೂ ಕೇಳುತ್ತಿಲ್ಲ. ವೈದ್ಯಕೀಯ ಸಂಶೋಧನೆಯ ನೀತಿಗೆ ನೀವೆಲ್ಲ ಪ್ರಮಾಣವೆಂದು ಒಪ್ಪಿಕೊಂಡ, 1964ರಲ್ಲಿ ಮೊದಲು ಬಂದು ಆಮೇಲೆ ತಿದ್ದುಪಡಿಯಾಗುತ್ತ ಬಂದ ಹೆಲ್ಸಿಂಕಿ ಘೋಷಣೆಯಲ್ಲೇ ಇದರ ಎರಡೂ ಅರ್ಧಗಳಿವೆ. ಈ ತತ್ವಗಳನ್ನು ಮೀರಿದ ಸಂಶೋಧನೆಯ ವರದಿಯನ್ನು ಪ್ರಕಟಣೆಗೆ ಸ್ವೀಕರಿಸಬಾರದು ಎಂಬ ಮಾತು 1975ರ ತಿದ್ದುಪಡಿಯಲ್ಲಿ ಸೇರಿತು. ಭಾಗವಹಿಸಿದ ಎಲ್ಲರಿಗೂ ಅಧ್ಯಯನದ ಫಲಿತಾಂಶ ತಿಳಿದುಕೊಳ್ಳುವ ಅವಕಾಶ ಇರಬೇಕೆಂದು 2013ರ ಪಠ್ಯ ಹೇಳಿತು. ಮೊದಲನೆಯದನ್ನು ಕಾಯುವ ನೀವೇ ಎರಡನೆಯದನ್ನೂ ಕಾಯಬಹುದಲ್ಲ.

ಪತ್ರಿಕೆ ಇರುವುದು ವಿದ್ವಾಂಸರ ಚರ್ಚೆಗೆ, ಉಳಿದವರಿಗೆ ಇದರಲ್ಲೇನಿದೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನಮ್ಮ ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಅವರನ್ನು ನೆನೆಯಿರಿ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರಲ್ಲಿ ಹಲ್ಲೆಗೊಳಗಾಗಿ, ಮಿದುಳಿಗೆ ಪೆಟ್ಟು ಬಿದ್ದು, 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ದಯಾಮರಣ ಕುರಿತ ಲೇಖನಗಳಲ್ಲಿ ಅವರ ಹೆಸರು ಮತ್ತೆ ಮತ್ತೆ ಬರುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಅವರ ದಯಾಮರಣ ಕೋರಿದ ಅರ್ಜಿಯನ್ನು ತೀರ್ಮಾನಿಸುವಾಗ ಅವರ ಪರವಾಗಿ ಮಾತಾಡುವ ಹಕ್ಕು ಯಾರಿಗೆಂದು ಕೇಳಿಕೊಂಡಿತು. ದಿನಾ ಮೈ ಒರೆಸಿ, ಉಣಿಸಿ, ಮಗ್ಗುಲು ಬದಲಿಸಿದ ಆಸ್ಪತ್ರೆಯ ಸಿಬ್ಬಂದಿಗೆ ಎಂದು ಹೇಳಿತು. ಆ ನರ್ಸುಗಳಿಗೆ ಗೊತ್ತಿದ್ದದ್ದು ಗ್ರಂಥಾಲಯದಲ್ಲಿ ಕೂತವರಿಗೆ ಗೊತ್ತಿರಲಿಲ್ಲ. ಹಾಸಿಗೆಯ ಪಕ್ಕದಲ್ಲಿ ನಿಂತವರು ಓದಿ, ‘ಇಲ್ಲ, ಹೀಗಲ್ಲ’ ಎಂದು ಹೇಳಿದರೆ ನಿಮ್ಮ ಚರ್ಚೆಯೇ ಗಟ್ಟಿಯಾಗುತ್ತದೆ.

ಇನ್ನು ದುಡ್ಡಿನ ಮಾತು. ಲೇಖನವನ್ನು ಎಲ್ಲರಿಗೂ ಉಚಿತವಾಗಿ ತೆರೆದಿಡಲು ಲೇಖಕರಿಂದ ಸಾವಿರಾರು ಡಾಲರ್ ಕೇಳುವ ಪತ್ರಿಕೆಗಳು ನಿಮ್ಮಲ್ಲಿವೆ. ಅದರ ಪಕ್ಕದಲ್ಲಿ ಒಂದು ಪುಟ ಕನ್ನಡದ ಖರ್ಚು ಎಷ್ಟರದು? ಮುಂಬೈಯಲ್ಲಿ 1993ರಲ್ಲಿ ಶುರುವಾಗಿ ಇಂದು ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಎಥಿಕ್ಸ್’ ಎಂಬ ಹೆಸರಿನಲ್ಲಿ ಬರುತ್ತಿರುವ ಪತ್ರಿಕೆ ಬರೆಯುವವರಿಂದಲೂ ಅಂತರ್ಜಾಲದಲ್ಲಿ ಓದುವವರಿಂದಲೂ ಕಾಸು ಕೇಳದೆ ನಡೆಯುತ್ತಿದೆ. ನನಗೆ ಅದರ ಮೇಲೆ ಅಪಾರ ಗೌರವ. ನಮ್ಮ ದೇಶದಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಅಧ್ಯಯನಗಳಲ್ಲಿ ಒಂದು ಗುಂಪಿನ ಹೆಂಗಸರಿಗೆ ತಪಾಸಣೆಯನ್ನೇ ಮಾಡದೆ ಬಿಟ್ಟದ್ದು ಸರಿಯೇ ಎಂಬ ಕಠಿಣ ಪ್ರಶ್ನೆಯನ್ನು 2014ರಲ್ಲಿ ಅದು ಪ್ರಕಟಿಸಿತು. ಅಧ್ಯಯನ ನಡೆಸಿದವರ ಉತ್ತರಕ್ಕೂ ಜಾಗ ಕೊಟ್ಟಿತು. ಮುಂಬೈಯ ಅಧ್ಯಯನವೊಂದರಲ್ಲೇ ಸುಮಾರು ಒಂದೂವರೆ ಲಕ್ಷ ಹೆಂಗಸರಿದ್ದರು. ಅವರ ಜೀವದ ಕುರಿತ ಈ ವಾದ ಪ್ರತಿವಾದ ಎರಡೂ ಇಂಗ್ಲಿಷಿನಲ್ಲಿ ನಡೆದವು. ನಾನು ಮೆಚ್ಚುವ ಪತ್ರಿಕೆಗೂ ಅದಕ್ಕೇ ಈ ಕಾಗದ ಬರೆಯುತ್ತಿದ್ದೇನೆ.

ಕೇಂದ್ರ ಸರ್ಕಾರ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ತೆಗೆದಿಟ್ಟು, 2025ರಿಂದ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ವಿದೇಶಿ ಪ್ರಕಾಶಕರ ಸಾವಿರಾರು ಪತ್ರಿಕೆ ಕೊಡಿಸುತ್ತಿದೆ. ಕಾಲೇಜಿನವರಿಗೆ ಒಳ್ಳೆಯದೇ ಆಯಿತು. ಆಶಾ ಕಾರ್ಯಕರ್ತೆಗೆ, ರೋಗಿಯ ಮಗನಿಗೆ ಆ ಬಾಗಿಲು ತೆರೆಯಲಿಲ್ಲ.

ಆ ಪುಟದಲ್ಲಿ ಏನಿರಬೇಕೆಂದೂ ಹೇಳಿಬಿಡುತ್ತೇನೆ. ನಿಮ್ಮನ್ನು ಏನು ಕೇಳಿದೆವು, ಎಷ್ಟು ಜನ ಏನು ಹೇಳಿದರು, ಅದರಿಂದ ನಮಗೆ ಏನು ತಿಳಿಯಿತು, ನಮ್ಮ ಅಧ್ಯಯನದಲ್ಲಿ ಏನು ಕುಂದಿದೆ, ಒಪ್ಪದಿದ್ದರೆ ಯಾರಿಗೆ ಹೇಳಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಗೆ ಅಂಟಿಸಿ, ಓದು ಬಾರದವರಿಗೆ ಓದಿ ಹೇಳಿದರಾಯಿತು. ಒಪ್ಪಿಗೆ ಪತ್ರ ಓದಿ ಹೇಳಿದವರೇ ಇದನ್ನೂ ಓದಲಿ. ಊರಿನ ಗುರುತು ಬಿಟ್ಟುಕೊಡುವ ಅಪಾಯವಿದ್ದರೆ, ಎಚ್‌ಐವಿಯಂಥ ವಿಷಯವಿದ್ದರೆ, ಗೋಡೆ ಬೇಡ, ಒಬ್ಬೊಬ್ಬರಿಗೇ ಹೇಳಲಿ. ಹೇಗೆ ಹೇಳಿದರೆಂದು ನಿಮಗೆ ಎರಡು ಸಾಲು ಬರೆದು ಕೊಡಲಿ. ಕನ್ನಡ ಸರಿಯಿದೆಯೇ ಎಂದು ನೋಡಿಕೊಡಲು ನನ್ನಂಥವರು ಕಮಿಟಿಗಳಲ್ಲಿ ಇದ್ದೇ ಇದ್ದೇವೆ, ಸಂಭಾವನೆಯೇನೂ ಬೇಡ.

ಮುಂದಿನ ಸಲ ಸಲ್ಲಿಕೆಯ ಅರ್ಜಿಯನ್ನು ಪರಿಷ್ಕರಿಸುವಾಗ ಆ ಪ್ರಶ್ನೆಯನ್ನು ಸೇರಿಸುತ್ತೀರೋ ಇಲ್ಲವೋ, ಇಲ್ಲವಾದರೆ ಯಾಕೆಂದು, ದಯವಿಟ್ಟು ತಿಳಿಸಿ.


ಎಥಿಕ್ಸ್ ಕಮಿಟಿಯೊಂದರ ಹೊರಗಿನ ಸದಸ್ಯೆ