ಯೇಸುವೋ, ಕೇಸೋ?

ಅಂತೋಣಿ: ಫಾದರ್, ಚರ್ಚ್ ಮೆಟ್ಟಿಲ ಮೇಲೆ ಬಿದ್ದೆ. ಕೇಸು ಹಾಕ್ತಿದ್ದೀನಿ.

ಫಾದರ್: ಅಯ್ಯೋ! ಮೆಟ್ಟಿಲು ಒದ್ದೆ ಇತ್ತೇನಪ್ಪಾ?

ಅಂತೋಣಿ: ಇಲ್ಲ, ಮೊಬೈಲ್ ನೋಡ್ತಿದ್ದೆ. ‘ನೋಡಬೇಡಿ’ ಅಂತ ನೀವು ಬೋರ್ಡ್ ಹಾಕಿರಲಿಲ್ಲ.

ಫಾದರ್: ಹಾಕಿದ್ರೆ ಓದ್ತಿದ್ಯಾ?

ಅಂತೋಣಿ: ಹೇಗೆ ಓದಲಿ? ಕಣ್ಣು ಮೊಬೈಲಲ್ಲಿತ್ತಲ್ಲ!

ಫಾದರ್: ನಿನ್ನದು ಹಳೇ ಮನೆತನ ಬಿಡು. ಆದಾಮ ಹವ್ವಳನ್ನ ತೋರಿಸಿದ, ಹವ್ವ ಸರ್ಪವನ್ನ ತೋರಿಸಿದಳು.

ಅಂತೋಣಿ: ಪಾಪ, ಸರ್ಪಕ್ಕೆ ವಕೀಲರೇ ಸಿಗಲಿಲ್ಲ. ಹೋಗ್ಲಿ, ದೇವರ ಮೇಲೇ ಹಾಕ್ಲಾ? ಗುರುತ್ವಾಕರ್ಷಣೆ ಅವರದ್ದೇ ತಾನೆ?

ಫಾದರ್: ಅಮೆರಿಕದ ನೆಬ್ರಾಸ್ಕದಲ್ಲಿ ಎರ್ನಿ ಚೇಂಬರ್ಸ್ ಅನ್ನೋ ಸೆನೆಟರ್ 2007ರಲ್ಲೇ ಹಾಕಿದ್ರು. (ನಿಜವಾದ ಕೇಸು, ಓದುಗರೇ.) ಪ್ರವಾಹ, ಭೂಕಂಪ ಎಲ್ಲಾ ನಿಲ್ಲಿಸಬೇಕು ಅಂತ.

ಅಂತೋಣಿ: ಗೆದ್ರಾ?

ಫಾದರ್: ಮರುವರ್ಷ ವಜಾ. ನೋಟಿಸ್ ಕಳಿಸೋಕೆ ದೇವರ ವಿಳಾಸ ಇಲ್ಲವಂತೆ.

ಅಂತೋಣಿ: ಎಲ್ಲಾ ಕಡೆ ಇದ್ದಾನೆ ಅಂತ ನೀವೇ ಸಾಕ್ಷಿ ಹೇಳ್ತೀರಲ್ಲ!

ಫಾದರ್: ನೋಡಪ್ಪಾ, ಸಂತ ಪೌಲರೂ ದಮಸ್ಕದ ದಾರೀಲಿ ಬಿದ್ದರು. ಕೇಸು ಹಾಕಲಿಲ್ಲ.

ಅಂತೋಣಿ: ಪರಿಹಾರದ ರೇಟು ಗೊತ್ತಿರಲಿಲ್ಲ ಅನ್ಸುತ್ತೆ.

ಫಾದರ್: ಸರಿ, ಪಾಪನಿವೇದನೆಗೆ ಬಾ. ‘ನನ್ನ ತಪ್ಪು’ ಅಂತ ಒಂದು ಮಾತು ಹೇಳು, ಸಾಕು.

ಅಂತೋಣಿ: ವಕೀಲರನ್ನ ಕೇಳ್ಕೊಂಡು ಬರ್ತೀನಿ ಫಾದರ್.